ನಿಷೇಧವೊಂದೇ ಸಾಲದು

ಬಂದೂಕು ನಿಷೇಧಿಸಿದರೆ ನಗರಗಳಲ್ಲಿ ಕೊಲೆಗಳು ಕಡಿಮೆಯಾಗುತ್ತವೆಯೇ? ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಅನುಭವ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. 1976ರಲ್ಲಿ ಅಲ್ಲಿ ಪಿಸ್ತೂಲು, ರಿವಾಲ್ವರುಗಳ ಹೊಸ ನೋಂದಣಿಯನ್ನೇ ನಿಲ್ಲಿಸಲಾಯಿತು. ಆ ಬಳಿಕ ಗುಂಡೇಟಿನ ಕೊಲೆಗಳು ಸುಮಾರು ಕಾಲುಭಾಗ ಇಳಿದವೆಂದು 1991ರ ಅಧ್ಯಯನವೊಂದು ಹೇಳಿತು. ಆದರೆ ಮಾದಕ ದ್ರವ್ಯ ದಂಧೆಯ ಆ ದಿನಗಳಲ್ಲಿ, ಅದೇ 1991ರಲ್ಲಿ, ನಗರ ಸುಮಾರು 480 ಕೊಲೆಗಳನ್ನು ಕಂಡಿತು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಿಷೇಧವನ್ನು ರದ್ದುಪಡಿಸಿತು. 2012ರಲ್ಲಿ ಕೊಲೆಗಳು ನೂರಕ್ಕಿಂತ ಕೆಳಗಿಳಿದವು. 2023ರಲ್ಲಿ ಮತ್ತೆ 270 ದಾಟಿದವು.

ಹಾಗೆಂದು ಕಾನೂನು ನಿಷ್ಪ್ರಯೋಜಕ ಎನ್ನಲಾಗದು. ಪಕ್ಕದ ವರ್ಜೀನಿಯಾದಲ್ಲಿ ಬಂದೂಕು ಸುಲಭವಾಗಿ ಸಿಗುತ್ತಿರುವಾಗ ಒಂದೇ ನಗರದ ನಿಷೇಧವೆಂದರೆ ಬೇಲಿಯಿಲ್ಲದ ಹೊಲದ ಗೇಟಿಗೆ ಬೀಗ ಹಾಕಿದಂತೆ.

ಮುಂಬಯಿ ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆ ಕಠಿಣವಾದುದೇ. 2019ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿದೆ. ಆದರೂ 1997ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮತ್ತು ಗುಲ್ಶನ್ ಕುಮಾರ್, 2024ರಲ್ಲಿ ಮಾಜಿ ಸಚಿವ ಬಾಬಾ ಸಿದ್ದಿಕಿ ಈ ನಗರದಲ್ಲೇ ಗುಂಡಿಗೆ ಬಲಿಯಾದರು. ತೊಂಬತ್ತರ ದಶಕದಲ್ಲಿ ಹೋಟೆಲ್ ಉದ್ಯಮಿಗಳು ಹಫ್ತಾ ಕರೆಗಳಿಗೆ ನಡುಗಿದ್ದೂ ಕಳ್ಳ ಪಿಸ್ತೂಲಿನ ಭಯದಿಂದಲೇ.

ಹಂತಕರು ಲೈಸೆನ್ಸಿಗಾಗಿ ಸರದಿಯಲ್ಲಿ ನಿಲ್ಲುವುದಿಲ್ಲ. ಕಳ್ಳ ಪಿಸ್ತೂಲು ತಯಾರಾಗುವ ಜಾಗಗಳನ್ನು ಮುಚ್ಚಿಸಿ, ಅದು ರಾಜ್ಯದಿಂದ ರಾಜ್ಯಕ್ಕೆ ಸಾಗುವ ದಾರಿಗಳನ್ನು ತಡೆದು, ಸಿಕ್ಕಿಬಿದ್ದವರಿಗೆ ಬೇಗ ಶಿಕ್ಷೆಯಾಗುವಂತೆ ಮಾಡಬೇಕು. ಅಲ್ಲಿಯವರೆಗೆ ಕಾಯ್ದೆ ಎಷ್ಟೇ ಬಿಗಿಯಾದರೂ ಅದು ಕಟ್ಟಿಹಾಕುವುದು ಕಾನೂನು ಪಾಲಿಸುವವರನ್ನು ಮಾತ್ರ.