ಎಂಬತ್ತು ದಾಟಿದವರಿಗೆ ದಿನವೂ ಆಸ್ಪಿರಿನ್ ಏಕೆ?

ತಮಿಳುನಾಡು ಸರ್ಕಾರ 2023ರಲ್ಲಿ ತಂದ ‘ಇದಯಂ ಕಾಪ್ಪೋಂ’ ಯೋಜನೆಯಡಿ, ಹೃದಯಾಘಾತದ ಲಕ್ಷಣವಿರುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ನುಂಗಿಸಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಹಳ್ಳಿಗಳಿಗೆ ಇದು ಜೀವದಾನವೇ ಸರಿ. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತವೆ. ತುರ್ತಿನಲ್ಲಿ ಅವನ್ನು ಕೊಡುವ ಬಗ್ಗೆ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ: ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಎಂದೂ ಆಗದ ಎಂಬತ್ತರ ಅಜ್ಜ–ಅಜ್ಜಿಯರು ‘ರಕ್ತ ತೆಳುವಾಗಲಿ’ ಎಂದು ಅದೇ ಆಸ್ಪಿರಿನ್ನನ್ನು ದಿನವೂ ನುಂಗಬೇಕೇ? 2021ರ ಅಂದಾಜಿನಂತೆ ತಮಿಳುನಾಡಿನ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರೇ ಶೇ 13.6. ಹಾಗಾಗಿ ಈ ಪ್ರಶ್ನೆ ಸಣ್ಣದಲ್ಲ.

ಡೆಂಗಿ ಕಾಲದ ಭಯದಿಂದಾಗಿ ಪ್ಲೇಟ್‌ಲೆಟ್ ಎಂದರೆ ನಮಗೆ ಎಣಿಕೆ ಮಾತ್ರ: ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇದ್ದರೆ ಸರಿ. ಮುಪ್ಪಿನಲ್ಲಿ ಎಣಿಕೆಗಿಂತ ಅವುಗಳ ವರ್ತನೆ ಮುಖ್ಯ. ವಯಸ್ಸಾದಂತೆ ಸಂಖ್ಯೆ ತುಸು ಇಳಿಯುತ್ತದೆ, ಆದರೆ ಉಳಿದವು ಬೇಗ ಕೆರಳಿ ಹೆಪ್ಪುಗಟ್ಟಲು ಧಾವಿಸುತ್ತವೆ. ಅವನ್ನು ತಣಿಸಬೇಕೆಂಬ ಆಲೋಚನೆ ಹುಟ್ಟಿದ್ದೇ ಇದರಿಂದ. ಆದರೆ ಅದೇ ವಯಸ್ಸಿನಲ್ಲಿ ರಕ್ತನಾಳದ ಗೋಡೆಯೂ ಜಠರದ ಒಳಪದರವೂ ಸೊರಗಿರುತ್ತವೆ, ಅಲ್ಲಿ ಬಿರುಕು ಬಿಟ್ಟಾಗ ಮುಚ್ಚಬೇಕಾದವು ಈ ಪ್ಲೇಟ್‌ಲೆಟ್‌ಗಳೇ. ಅವುಗಳಿಗೆ ಕೋಶಕೇಂದ್ರವಿಲ್ಲ. ಆಸ್ಪಿರಿನ್ ಕೆಡಿಸಿದ ಕಿಣ್ವವನ್ನು ಮತ್ತೆ ತಯಾರಿಸಿಕೊಳ್ಳಲಾರದೆ, ಏಳರಿಂದ ಹತ್ತು ದಿನದ ತಮ್ಮ ಆಯುಸ್ಸನ್ನು ಹಾಗೆಯೇ ಕಳೆಯುತ್ತವೆ.

ಲಾಭ–ನಷ್ಟ ತೂಗಿದ ‘ಆಸ್ಪ್ರೀ’ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾ, ಅಮೆರಿಕದ 19,114 ಹಿರಿಯರಲ್ಲಿ ಆಸ್ಪಿರಿನ್ ಹೃದ್ರೋಗವನ್ನು ಗಣನೀಯವಾಗಿ ತಗ್ಗಿಸಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ವರ್ಷಕ್ಕೆ ಸಾವಿರಕ್ಕೆ 6.2ರಿಂದ 8.6ಕ್ಕೇರಿತು. ಬಿಳಿಯರ ಲೆಕ್ಕ ನಮಗೇಕೆ ಎನ್ನಬಹುದು. ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಕೊಲೆಸ್ಟರಾಲ್ ತೊಂದರೆಯಿದ್ದ 14,464 ಜಪಾನೀಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವನ್ನೂ ಪ್ರಯೋಜನ ಕಾಣದೆ ಅರ್ಧಕ್ಕೇ ನಿಲ್ಲಿಸಲಾಗಿತ್ತು. ಭಾರತೀಯರಿಗೆ ಹೃದ್ರೋಗ ಬೇಗ ಬರುತ್ತದೆ ಎಂಬ ವಾದ ನಿಜ. ಅದು ನಲವತ್ತೈದರವರ ಬಗ್ಗೆ ಎಚ್ಚರಿಸುತ್ತದೆ, ಎಂಬತ್ತರವರ ರಕ್ತಸ್ರಾವದ ಅಪಾಯವನ್ನು ಕಡಿಮೆ ಮಾಡುವುದಿಲ್ಲ. ಇನ್ನು, ಪ್ಲೇಟ್‌ಲೆಟ್ ಕಾರ್ಯವನ್ನೇ ಪರೀಕ್ಷಿಸಿ ಮಾತ್ರೆ ನಿರ್ಧರಿಸೋಣವೆಂದರೆ, ಸ್ಟೆಂಟ್ ಹಾಕಿಸಿಕೊಂಡ 75 ದಾಟಿದ 877 ರೋಗಿಗಳಲ್ಲಿ ಫ್ರಾನ್ಸಿನ ವೈದ್ಯರು ಅದನ್ನೂ ಮಾಡಿ ನೋಡಿದರು. 2016ರಲ್ಲಿ ಬಂದ ಫಲಿತಾಂಶದಲ್ಲಿ ಪರೀಕ್ಷೆಯಿಂದ ಏನೂ ಹೆಚ್ಚುಗಾರಿಕೆ ಕಾಣಲಿಲ್ಲ. ರೋಗಿಯ ಹಿಂದಿನ ಕಾಯಿಲೆಗಳನ್ನು ಕೇಳಿ ತಿಳಿಯುವುದೇ ಇಂದಿಗೂ ಹೆಚ್ಚು ನಂಬಬಹುದಾದ ದಾರಿ.

ಈ ಕೆಲಸಕ್ಕೆ ತಮಿಳುನಾಡಿನಲ್ಲಿ ವ್ಯವಸ್ಥೆ ಆಗಲೇ ಇದೆ. 2021ರ ಆಗಸ್ಟ್‌ನಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯವರು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಗೇ ತಲುಪಿಸುತ್ತಾರೆ. ಕೊಯಮತ್ತೂರಿನ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳಲ್ಲಿ, ತಿರುಪ್ಪೂರಿನ ಬನಿಯನ್ ಕಾರ್ಮಿಕರ ವಠಾರಗಳಲ್ಲಿ ಅವರು ಹಿರಿಯರನ್ನು ಕೇಳಬೇಕಾದದ್ದು ಇಷ್ಟು: ಹೃದಯಾಘಾತ, ಪಾರ್ಶ್ವವಾಯು, ಸ್ಟೆಂಟ್ ಆಗಿದೆಯೇ? ಮಂಡಿನೋವಿಗೆ ಮೆಡಿಕಲ್ ಅಂಗಡಿಯಿಂದ ಮಾತ್ರೆ ತರಿಸುತ್ತೀರಾ? ಮಲ ಕಪ್ಪಾಗಿದೆಯೇ? ಆಸ್ಪಿರಿನ್ ಜೊತೆ ನೋವಿನ ಮಾತ್ರೆ ಸೇರಿದರೆ ಜಠರದಲ್ಲಿ ರಕ್ತ ಒಸರುವ ಸಂಭವ ಇನ್ನಷ್ಟು ಹೆಚ್ಚುತ್ತದೆ. ಉತ್ತರ ನೋಡಿ ಮುಂದುವರಿಸುವ, ನಿಲ್ಲಿಸುವ ತೀರ್ಮಾನ ವೈದ್ಯರದು. ಯಾರೂ ತಾವಾಗಿಯೇ ನಿಲ್ಲಿಸಬಾರದು, ಸ್ಟೆಂಟ್ ಇದ್ದವರಂತೂ ಖಂಡಿತ ಕೂಡದು. ಅಂಥವರಿಗೆ ಜಠರ ಕಾಯುವ ಮಾತ್ರೆಯನ್ನೂ ಕೊಡಬೇಕೆಂದು ಆಕ್ಸ್‌ಫರ್ಡ್‌ನ ಸಂಶೋಧಕರು 75 ದಾಟಿದವರನ್ನು ಗಮನಿಸಿ 2017ರಲ್ಲೇ ಹೇಳಿದ್ದಾರೆ. ಮನೆಗೆ ಬರುವ ಔಷಧದ ಚೀಲದಲ್ಲಿ ಅದಕ್ಕೂ ಜಾಗವಿರಲಿ.