ಇವು ಯಾರ ಕಾಲಪ್ಪ?

ಪಾವಗಡ ತಾಲ್ಲೂಕಿನ ನಮ್ಮೂರಲ್ಲಿ, ಜಗಲಿಯ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಚಿತ್ರ ಬರೆದಿದ್ದೆ. ಹಾಳೆಯನ್ನು ದೂರ ಹಿಡಿದು ನೋಡಿದ ಅಜ್ಜಿ ಕೇಳಿದ್ದು ಒಂದೇ ಮಾತು: "ಇವು ಯಾರ ಕಾಲಪ್ಪ?"

ಅವಳ ಮೊಣಕಾಲು ಪೂರ್ತಿ ಚಾಚಲು ಬರುವುದಿಲ್ಲ, ಪೂರ್ತಿ ಮಡಚಲೂ ಬರುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಕೂಡದೆಂಬುದು ನಿಯಮ. ಪಾವಗಡದ ಎಷ್ಟೋ ಕೊಳವೆಬಾವಿಗಳು ಆ ಮಿತಿ ದಾಟಿದವು. ಹಲವು ವರ್ಷ ಅದನ್ನೇ ಕುಡಿದವರ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಇದೆಲ್ಲ ಗೊತ್ತಿದ್ದೂ ನನ್ನ ಕೈ ಅವಳ ಕಾಲನ್ನು ನೆಟ್ಟಗೆ ಮಾಡಿತ್ತು. ಕೈಗೆ ಹಾಗೆ ಕಲಿಸಿದ್ದರು.

ನನ್ನ ತಕರಾರು ಇರುವುದು ಈ ಕಲಿಕೆಯ ಮೇಲೆ. ಪಶ್ಚಿಮದ ಪಠ್ಯ ಮನುಷ್ಯನ ಎತ್ತರ ಎಂಟು ತಲೆ ಎನ್ನುತ್ತದೆ; ನಮ್ಮ ಶಿಲ್ಪಶಾಸ್ತ್ರದ ತಾಳಮಾನ ಮುಖದ ಅಳತೆಯಲ್ಲಿ ನವತಾಳ, ದಶತಾಳ ಎಣಿಸುತ್ತದೆ. ದೇವರನ್ನು ಕಡೆಯುವವನಿಗೆ ಆ ಅಳತೆ ಬೇಕು. ಅದೇ ಪಟ್ಟಿಯನ್ನು ಮಧುಗಿರಿ ಬಸ್‌ಸ್ಟ್ಯಾಂಡಿನ ಹಮಾಲಿಯ ಮೇಲೆ, ಶಿರಾ ಬಯಲಿನ ಕುರಿಗಾಹಿಯ ಮೇಲೆ, ಕೊರಟಗೆರೆಯ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸಿನ ಮೇಲೆ ಎಳೆದು, ಹೊಂದದ್ದನ್ನು "ತಪ್ಪು" ಎಂದು ತಿದ್ದುತ್ತೇವಲ್ಲ, ಆಗ ಅಳಿಸಿಹೋಗುವುದು ಒಂದು ಸೀಮೆಯ ನೀರಿನ, ದುಡಿಮೆಯ ಚರಿತ್ರೆ.

ಅಂಗರಚನೆ ಕಲಿಯಬೇಡಿ ಎನ್ನುತ್ತಿಲ್ಲ. ಮೊಣಕಾಲು ಹೇಗೆ ಮಡಚುತ್ತದೆಂದು ತಿಳಿದವನಿಗೇ ಮಡಚದ ಮೊಣಕಾಲು ಕಾಣುವುದು. ಕೆಲವೇ ಗೆರೆಗಳಲ್ಲಿ ನರ್ತಕರನ್ನು ಹಿಡಿದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ನೋಡಿ: ಗೆರೆ ದೇಹದ ಭಾರ ಹೋದ ಕಡೆ ಹೋಗುತ್ತದೆ, ಪಠ್ಯ ಹೇಳಿದ ಕಡೆಗಲ್ಲ.

ಈ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದ್ದು ನೀರಿನಲ್ಲಿ ಕರಗುವ ಇಂಕ್ ಪೆನ್ಸಿಲ್. ಮಾಮೂಲಿ ವಾಟರ್‌ಕಲರ್ ಪೆನ್ಸಿಲಿನ ಬಣ್ಣ ಒಣಗಿದ ಮೇಲೂ ಒದ್ದೆ ಕುಂಚ ತಾಗಿದರೆ ಮತ್ತೆ ಎದ್ದು ಬರುತ್ತದೆ. ಇದು ಹಾಗಲ್ಲ. ನೀರಿನಲ್ಲಿ ಪೂರ್ತಿ ಕರಗಿ ಒಣಗಿತೋ, ಕೂತುಬಿಡುತ್ತದೆ. ಅದರ ಮೇಲೆ ಇನ್ನೊಂದು ಪದರ ಬಳಿಯಬಹುದು, ಕೆಳಗಿನದು ಕದಡುವುದಿಲ್ಲ. ಕರಗದೆ ಉಳಿದ ಪುಡಿ ಮಾತ್ರ ಮುಂದಿನ ನೀರಿಗೆ ಹರಿದು ಕೆಡಿಸುತ್ತದೆ. ಅಂದರೆ ನೀರು ಮುಟ್ಟಿಸುವ ಮೊದಲೇ ಸರಿಯಾಗಿ ನೋಡಿರಬೇಕು. ಡಬ್ಬಿಯಲ್ಲಿ "ಚರ್ಮದ ಬಣ್ಣ" ಹುಡುಕಬೇಡಿ. ಇಟ್ಟಿಗೆಗೆಂಪು ಒಂದು ಪದರ, ಒಣಗಿದ ಮೇಲೆ ನೆರಳಿಗೆ ಕಡುನೀಲಿ: ನಮ್ಮ ಬಿಸಿಲಿನ ಮೈ ಅದರಲ್ಲಿದೆ. ದುಬಾರಿ ಎನ್ನುವವರಿಗೆ, ಎರಡು ಬಿಡಿ ಪೆನ್ಸಿಲ್ ಸಾಕು.

ಇನ್ನೊಂದು ಗುಂಪು ಇದೆ. ಫೋನಿನಲ್ಲಿ ಮುದುಕನೊಬ್ಬನ ಫೋಟೋ ಹೊಡೆದು, ಸುಕ್ಕು ಎಣಿಸಿ ಬರೆದು, "ಗ್ರಾಮೀಣ ಸೊಬಗು" ಎಂದು ಪ್ರದರ್ಶನಕ್ಕೆ ಇಡುವವರು. ನಾನೂ ಬಾಗಿದ ಕಾಲನ್ನು ತೋರಿಸಿ ಅದನ್ನೇ ಮಾಡುತ್ತಿಲ್ಲವೇ ಎಂದು ಕೇಳಬಹುದು. ವ್ಯತ್ಯಾಸ ಇಷ್ಟೇ: ಎದುರು ಕೂತವರನ್ನು ಕೇಳಿದ್ದೀರಾ? ಅವರು ಕೂತ ಹೊತ್ತಿಗೆ ಕೂಲಿ ಕೊಟ್ಟಿದ್ದೀರಾ? ಬರೆದದ್ದನ್ನು ಮೊದಲು ಅವರಿಗೆ ತೋರಿಸಿದ್ದೀರಾ? ಫೋಟೋ ನಿಮ್ಮನ್ನು ತಿದ್ದುವುದಿಲ್ಲ, ಮನುಷ್ಯರು ತಿದ್ದುತ್ತಾರೆ.

ಕೂತ ಇಂಕನ್ನು ಅಳಿಸಲಾಗದು. ಹೊಸ ಹಾಳೆ ತೆಗೆದು ಇನ್ನೊಮ್ಮೆ ಬರೆದೆ. ಅಜ್ಜಿ ಚಿತ್ರದ ಮೊಣಕಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಇನ್ನೊಂಚೂರು ಊತ ಐತೆ" ಅಂದಳು. ಒಣಗಿದ ಬಣ್ಣದ ಮೇಲೆ ಇನ್ನೊಂದು ಪದರ ಹಾಕಿದೆ.