ಔಷಧದ ವಿಷಕ್ಕೆ ಪ್ರತಿವಿಷ: ಬೆಳಗಾವಿಯಲ್ಲಿ ನಡೆಯಬೇಕಾದ ಪರೀಕ್ಷೆ

ರೋಗವನ್ನು ಹೊಡೆಯುವ ಔಷಧವು ರೋಗಿಯ ಅವಯವವನ್ನೂ ಹೊಡೆಯಬಲ್ಲದೆಂಬುದು ಕ್ಷಯಚಿಕಿತ್ಸೆಯಲ್ಲಿ ವಿಶೇಷವಾಗಿ ಎದ್ದು ಕಾಣುವ ಸಂಗತಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಕಾಲ ಕೊಡುವ ಮಾತ್ರೆಗಳ ಪೈಕಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಯಕೃತ್ತಿಗೆ ಅಪಾಯ ತರಬಲ್ಲವು. ಖಾನಾಪುರ ತಾಲೂಕಿನ ಅಡವಿಯಂಚಿನ ಹಳ್ಳಿಯಿಂದ ಕಣ್ಣು ಹಳದಿಯಾಗಿ, ಅನ್ನ ಸೇರದೆ, ಬೆಳಗಾವಿಯ ದವಾಖಾನೆಗೆ ಬಂದ ರೋಗಿಗೆ ವೈದ್ಯರು ಮೊದಲು ಹೇಳಬೇಕಾಗುವುದು ಆ ಮಾತ್ರೆಗಳನ್ನೇ ನಿಲ್ಲಿಸೆಂದು. ನಿಲ್ಲಿಸಿದಷ್ಟು ದಿನವೂ ಕ್ಷಯಕ್ಕೆ ಅವಕಾಶ ದೊರೆಯುವುದೆಂಬ ಆತಂಕವೋ ಬೆನ್ನಿಗಿದ್ದೇ ಇರುತ್ತದೆ. ಇಂತಹ ಸಂಕಟದಲ್ಲಿ ಮನೆಯ ಹಿರಿಯರು ಕಾಮಣಿಗೆಂದು ನೆಲನೆಲ್ಲಿಯನ್ನು ಅರೆದು ಕುಡಿಸಿದರೆ, ಅಮೃತಬಳ್ಳಿಯ ಕಷಾಯ ಕಾಸಿದರೆ, ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಏಕೆಂದರೆ ಔಷಧದ ವಿಷವನ್ನು ಉತ್ಕರ್ಷಣನಿರೋಧಕ ದ್ರವ್ಯದಿಂದ, ಎಂದರೆ ಆಂಟಿಆಕ್ಸಿಡೆಂಟಿನಿಂದ, ಶಮನಗೊಳಿಸಬಹುದೆಂಬ ವಿಚಾರವನ್ನು ಆಧುನಿಕ ವೈದ್ಯವೂ ಅಂಗೀಕರಿಸಿದೆ.

ಅದಕ್ಕೆ ಶ್ರೇಷ್ಠ ನಿದರ್ಶನ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್. ದೇಹದೊಳಗೆ ಅದರ ಒಂದು ಸಣ್ಣ ಅಂಶವು ವಿಷವಾಗಿ ಮಾರ್ಪಡುವುದಾದರೂ, ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಎಂಬ ದ್ರವ್ಯವು ಅದನ್ನು ಹಿಡಿದು ನಿರ್ವಿಷಗೊಳಿಸುತ್ತದೆ. ಮಾತ್ರೆ ಅತಿಯಾದಾಗ ಈ ಸಂಗ್ರಹ ಬರಿದಾಗಿ ಯಕೃತ್ತಿನ ಕೋಶಗಳು ಸಾಯತೊಡಗುತ್ತವೆ. 1970ರ ದಶಕದಲ್ಲಿ ಬಳಕೆಗೆ ಬಂದ ಎನ್-ಅಸಿಟೈಲ್‌ಸಿಸ್ಟೀನ್ ಆ ಸಂಗ್ರಹವನ್ನು ಮರಳಿ ತುಂಬಿಸುವ ದ್ರವ್ಯ. ಎಂಟು ಗಂಟೆಯೊಳಗೆ ಕೊಟ್ಟರೆ ಅದರ ರಕ್ಷಣೆ ಬಹುತೇಕ ಪೂರ್ಣ, ತಡವಾದಂತೆಲ್ಲ ಕ್ಷೀಣ. ಇಂಥ ವಿಷಕ್ಕೆ, ಇಂಥ ಅವಯವದಲ್ಲಿ, ಇಷ್ಟು ಹೊತ್ತಿನೊಳಗೆ ಎಂಬ ನಿಷ್ಕರ್ಷೆಯೇ ಇಲ್ಲಿನ ಯಶಸ್ಸಿನ ಮೂಲ.

ಆ ನಿಷ್ಕರ್ಷೆಯನ್ನು ಬಿಟ್ಟು ಉತ್ಕರ್ಷಣನಿರೋಧಕವೆಲ್ಲವೂ ಹಿತಕರವೆಂದು ನಂಬಿದ್ದಕ್ಕೆ ಜಗತ್ತು ಬೆಲೆ ತೆತ್ತಿದೆ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೀಟಾ ಕ್ಯಾರೋಟೀನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತು. ಇದಕ್ಕಿಂತಲೂ ಮನಮುಟ್ಟುವ ಪಾಠ ಮಕ್ಕಳ ಕ್ಯಾನ್ಸರಿನದು. ಸಿಸ್‌ಪ್ಲಾಟಿನ್ ಎಂಬ ಔಷಧವು ಮಕ್ಕಳ ಶ್ರವಣಶಕ್ತಿಯನ್ನು ಕಸಿಯುತ್ತದೆ. ಅದನ್ನು ಹರಿಸಿ ಆರು ಗಂಟೆ ಕಳೆದ ಮೇಲೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟಾಗ, 2018ರಲ್ಲಿ ಪ್ರಕಟವಾದ ಯಕೃತ್ತಿನ ಕ್ಯಾನ್ಸರಿನ ಪರೀಕ್ಷೆಯಲ್ಲಿ, ಕಿವುಡು ಶೇ 63ರಿಂದ ಶೇ 33ಕ್ಕೆ ಇಳಿಯಿತು. ಆದರೆ ಅದೇ ಥಯೋಸಲ್ಫೇಟಿನ ಮತ್ತೊಂದು ಪರೀಕ್ಷೆಯಲ್ಲಿ, ಕ್ಯಾನ್ಸರ್ ದೇಹದಲ್ಲೆಲ್ಲ ಹರಡಿದ್ದ ಮಕ್ಕಳ ಪೈಕಿ ಬದುಕುಳಿದವರ ಪ್ರಮಾಣವೇ ತಗ್ಗಿತ್ತು. ಕಿವಿಯನ್ನು ಕಾಯುವ ದ್ರವ್ಯ ಗಡ್ಡೆಯನ್ನೂ ಕಾಯಬಹುದೆಂಬ ಈ ಭಯದಿಂದಲೇ 2022ರಲ್ಲಿ ಅಮೆರಿಕವು ಅದಕ್ಕೆ ಅನುಮತಿಯಿತ್ತದ್ದು ಕ್ಯಾನ್ಸರ್ ಹರಡದ ಮಕ್ಕಳಿಗೆ ಮಾತ್ರ.

ಗಿಡಮೂಲಿಕೆಗಳೂ ಈ ನಿಯಮಕ್ಕೆ ಹೊರತಲ್ಲ. 2021ರಲ್ಲಿ ಮುಂಬಯಿಯ ಯಕೃತ್ತಜ್ಞರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಹಾನಿಯನ್ನು ಕಂಡು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನೊಪ್ಪದೆ ಗಿಡದ ಗುರುತಿನ ಬಗೆಗೇ ಪ್ರಶ್ನೆಯೆತ್ತಿತು. ಈ ವಿವಾದವನ್ನು ಹೇಳಿಕೆಗಳು ಬಗೆಹರಿಸಲಾರವು.

ಕ್ಷಯದ ವಿಷಯದಲ್ಲಿ ಎನ್-ಅಸಿಟೈಲ್‌ಸಿಸ್ಟೀನಿನ ಫಲಿತಾಂಶಗಳು ಆಶಾದಾಯಕವಾದರೂ ಅಪೂರ್ಣ. 2010ರಲ್ಲಿ ಪ್ರಕಟವಾದ ಇರಾನಿನ ಪರೀಕ್ಷೆಯೊಂದರಲ್ಲಿ, ಅರವತ್ತು ದಾಟಿದ ರೋಗಿಗಳಿಗೆ ಮಾತ್ರೆಗಳೊಡನೆ ಅದನ್ನಿತ್ತಾಗ ಯಾರಿಗೂ ಯಕೃತ್ತಿನ ತೊಂದರೆಯಾಗಲಿಲ್ಲ. ಅದನ್ನು ಪಡೆಯದವರಲ್ಲಿ ಶೇ 37.5 ಮಂದಿಗೆ ಆಯಿತು. ಆದರೆ ಒಟ್ಟು ರೋಗಿಗಳು 60 ಮಂದಿ ಮಾತ್ರ. ಹಾನಿಯಾದ ಬಳಿಕ ಅದನ್ನಿತ್ತ ಕೇಪ್‌ಟೌನಿನ ಪರೀಕ್ಷೆಯಲ್ಲಿ ರಕ್ತದಲ್ಲಿನ ಯಕೃತ್ತಿನ ಸೂಚಕಗಳು ಬೇಗ ಇಳಿಯಲಿಲ್ಲ. ಆಸ್ಪತ್ರೆವಾಸ ಮಾತ್ರ 18 ದಿನಗಳಿಂದ 9ಕ್ಕೆ ಕುಗ್ಗಿತು.

ಗಿಡಮೂಲಿಕೆಗಳನ್ನೂ ಒಳಗೊಂಡ ಮುಂದಿನ ಪರೀಕ್ಷೆಗೆ ಬೆಳಗಾವಿಗಿಂತ ಯೋಗ್ಯವಾದ ಕ್ಷೇತ್ರ ನನಗೆ ತೋರದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿಗೆ ಸೇರಿದ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಈ ನಗರದಲ್ಲಿಯೇ ಇದೆ. 1963ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ, ಶಹಾಪುರದ ಆಯುರ್ವೇದ ಮಹಾವಿದ್ಯಾಲಯವೂ, ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇವೆ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಭೀಮಗಡದ ಅಡವಿಯೂ ಇರುವ ಖಾನಾಪುರ ತಾಲೂಕು ನೆರೆಯಲ್ಲೇ ಇದ್ದು, ನಾಟಿವೈದ್ಯರ ಪರಂಪರೆಯನ್ನು ಇನ್ನೂ ಉಳಿಸಿಕೊಂಡಿದೆ. ಗಿಡದ ಗುರುತನ್ನು ಸಸ್ಯಶಾಸ್ತ್ರಜ್ಞರಿಂದ ಖಚಿತಪಡಿಸಿಕೊಂಡು, ಸೇವಿಸುವ ಪ್ರಮಾಣವನ್ನು ನಿಗದಿಪಡಿಸಿ, ರೋಗಿಗಳ ಸಮ್ಮತಿ ಪಡೆದು ನಡೆಸುವ ಆ ಪರೀಕ್ಷೆ ಯಕೃತ್ತು ಉಳಿಯಿತೇ ಎಂಬುದನ್ನಷ್ಟೇ ಅಳೆದರೆ ಸಾಲದು. ಕಫದಲ್ಲಿನ ಕ್ಷಯಾಣುಗಳು ಎಂದಿನ ವೇಗದಲ್ಲಿಯೇ ನಾಶವಾದವೇ, ರೋಗ ಮರುಕಳಿಸಿತೇ ಎಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು.

ಪರೀಕ್ಷೆಯ ಫಲ ಬರುವವರೆಗೆ ಕಾಯಲಾಗದ ಕೆಲಸವೊಂದಿದೆ. ಕ್ಷಯದ ಮಾತ್ರೆ ವಿತರಿಸುವ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ರೋಗಿಯು ಮನೆಯಲ್ಲಿ ಯಾವ ಕಷಾಯ, ಯಾವ ಪುಡಿ ಸೇವಿಸುತ್ತಿರುವನೆಂಬುದನ್ನು ಗದರದೆ ಕೇಳಿ ಚೀಟಿಯಲ್ಲಿ ಬರೆದಿಡಬೇಕು. ಗದರಿದರೆ ಆತ ಕುಡಿಯುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾನೆ.